ಎರಡು ನಿಮಿಷದ ಮಲಿಕಸಾಬ

ಶಲವಡಿಯಲ್ಲಿ ಹಗೇವು ತೆಗೆಯುವುದು ಅಂದರೆ ಮಲಿಕಸಾಬನಿಗೆ ಹೇಳಿ ಕಳಿಸುವುದು ಎಂದೇ ಅರ್ಥ. ಹಗೇವು ಎಂದರೇನು ಎಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಜೋಳ ಇಡಲು ನೆಲದಲ್ಲಿ ತೋಡಿದ ಕುಣಿ ಅದು. ಬಾಯಿ ಒಬ್ಬ ಮನುಷ್ಯ ತೂರುವಷ್ಟು ಸಣ್ಣದು, ಆಳ ಎರಡಾಳು, ಹೊಟ್ಟೆ ಮಾತ್ರ ದೊಡ್ಡದು. ಸುತ್ತಲೂ ಜೋಳದ ದಂಟಿನ ಕಣಿಕೆ ಹಚ್ಚಿ, ಮೂವತ್ತು ನಲವತ್ತು ಚೀಲ ಬಿಳಿಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಮುಟ್ಟುವುದಿಲ್ಲ. ಯಾಕೆ ಮುಟ್ಟುವುದಿಲ್ಲವೆಂದರೆ ಒಳಗೆ ಉಸಿರಾಡಲು ಗಾಳಿ ಇರುವುದಿಲ್ಲ. ಕಲ್ಲು ತೆಗೆದ ಕೂಡಲೇ ಇಳಿದ ಮನುಷ್ಯನೂ ಅಲ್ಲಿ ಹುಳದ ಹಾಗೆಯೇ ಸಾಯುತ್ತಾನೆ.

ಮಲಿಕಸಾಬ ಸಣ್ಣ ಆಳು. ಅಗಲ ಭುಜದವನಿಗೆ ಈ ಕೆಲಸ ಹೇಳಿದ್ದಲ್ಲ. ಮದುವೆ ಮನೆಯಲ್ಲಿ ಇನ್ನೊಂದು ಹೋಳಿಗೆ ಬಡಿಸಲು ಹೋದರೆ ಎಲೆಗೆ ಕೈ ಅಡ್ಡ ಹಿಡಿದು, ಇದನ್ನು ತಿಂದರೆ ನಿಮ್ಮ ಹಗೇವಿನ ಬಾಯಿ ಅಗಲ ಮಾಡಿಸಬೇಕಾಗುತ್ತದೆ, ಖರ್ಚು ನಿಮ್ಮದೇ ಅನ್ನುತ್ತಿದ್ದ. ಮನೆಯಲ್ಲಿ ಹೆಂಡತಿ ಮೌಲಾಬಿ ಬಡಿಸಿದರೆ ಮಾತ್ರ ಈ ಮಾತು ಹೇಳುವ ಧೈರ್ಯ ಅವನಿಗೆ ಇರಲಿಲ್ಲ.

ಅವನ ಕೆಲಸದ ರೀತಿ ಹೀಗೆ. ಬೆಳಿಗ್ಗೆ ಬಂದು ಕಲ್ಲು ಸರಿಸಿ ಹೋಗಿಬಿಡುತ್ತಿದ್ದ. ಮನೆಯವರು ಎಷ್ಟು ಅವಸರ ಮಾಡಿದರೂ ಆ ದಿನ ತಿರುಗಿ ಬರುತ್ತಿರಲಿಲ್ಲ. ಮರುದಿನ ಬೇವಿನ ತಪ್ಪಲಿನ, ಎಂದರೆ ಎಲೆಯ ಟೊಂಗೆಗಳ, ಕಟ್ಟನ್ನು ಹಗ್ಗಕ್ಕೆ ಬಿಗಿದು ಒಳಗಿಳಿಸಿ, ಬಾವಿಯಲ್ಲಿ ಕೊಡ ಆಡಿಸಿದಂತೆ ಮೇಲೆ ಕೆಳಗೆ ಆಡಿಸುತ್ತಿದ್ದ. ಆಮೇಲೆ ಹೊತ್ತಿಸಿದ ಕಂದೀಲು ಬಿಡುತ್ತಿದ್ದ. ದೀಪ ನೆಟ್ಟಗೆ ಉರಿದರೆ ಇಳಿಯುವುದು, ಮಂಕಾದರೆ ಎಳೆದುಕೊಂಡು ಮನೆಗೆ ಹೋಗುವುದು. ಇಳಿದ ಮೇಲೂ ಅಷ್ಟೆ. ಹತ್ತು ಬುಟ್ಟಿ ಜೋಳ ಮೇಲೆ ಹೋದರೆ ತಾನೂ ಮೇಲೆ ಬಂದು ಮತ್ತೆ ಕಂದೀಲು ಬಿಡುತ್ತಿದ್ದ. ಇದಕ್ಕೆಲ್ಲ ಕಾರಣ ಕೇಳಿದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ. ನಲವತ್ತು ವರ್ಷದಲ್ಲಿ ಅವನು ತೆರೆದ ಹಗೇವಿನಲ್ಲಿ ಒಬ್ಬನಿಗೂ ತಲೆ ತಿರುಗಿದ್ದು ಸಹ ಇಲ್ಲ. ಕಾಲೇಜಿನವರು ಬರದೇ ಇದ್ದಿದ್ದರೆ ಅವನ ಬಗ್ಗೆ ಇಷ್ಟು ಬರೆದು ಮುಗಿಸಬಹುದಿತ್ತು.

ಕಾಲೇಜಿನವರು ಬಂದದ್ದು ಎಪ್ಪತ್ನಾಲ್ಕರಲ್ಲಿ. ನಾನಾಗ ಶಲವಡಿಯಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಮೂರು ವಿದ್ಯೆಯವರು ಕೂಡಿ ಒಂದು ಸಂಶೋಧನೆ ಮಾಡುವುದು ಆ ಕಾಲಕ್ಕೆ ಹೊಸದು, ಹಾಗಾಗಿ ಜೀಪಿನಿಂದ ಮೂವರು ಇಳಿದರು. ಈರಬಸಪ್ಪ ಇಂಜಿನಿಯರ. ಹಗೇವಿನೊಳಗೆ ತಂತಿ, ನಳಿಕೆ ಇಳಿಬಿಟ್ಟು ಶಾಖ ಎಷ್ಟು, ಗಾಳಿ ಎಂಥದು ಎಂದು ಅಳೆಯುವುದು ಅವರ ಕೆಲಸ. ಶಾರದಾ ಜೀವಶಾಸ್ತ್ರದವರು. ಜೋಳ, ಹುಳ, ಬೂಸ್ಟು ಎಲ್ಲವನ್ನೂ ಬಾಟಲಿಗೆ ತುಂಬಿಕೊಂಡು ಹೋಗುತ್ತಿದ್ದರು. ಮೂರನೆಯವನು ಅಬ್ದುಲಮಜೀದ, ಇನ್ನೂ ಇಪ್ಪತ್ತಾರರ ತರುಣ, ಡಾಕ್ಟರೇಟು ಮಾಡುತ್ತಿದ್ದ. ಒಂದು ಮಾತು ಜನರ ಕಿವಿಗೆ ಬಿದ್ದ ಮೇಲೆ ಅದರ ಗತಿ ಏನಾಗುತ್ತದೆ ಎಂಬುದು ಅವನ ಅಭ್ಯಾಸದ ವಿಷಯ. ಇದಕ್ಕೂ ಒಂದು ಡಿಗ್ರಿ ಇದೆಯೇ, ನಮ್ಮೂರ ಕಟ್ಟೆಯ ಮೇಲೆ ಪುಕ್ಕಟೆ ಕಲಿಸುತ್ತಾರಲ್ಲ ಎಂದು ನಾವು ನಕ್ಕೆವು.

ಉದ್ದೇಶ ಒಳ್ಳೆಯದೇ ಇತ್ತು. ಮಲಿಕಸಾಬನಂಥವರು ಅಲ್ಲೊಬ್ಬರು ಇಲ್ಲೊಬ್ಬರು ಉಳಿದಿದ್ದರು. ಕುಂದಗೋಳದ ಕಡೆ, ಗುಡಗೇರಿಯ ಸುತ್ತ, ಆ ಕಸುಬಿನ ಕಡೆಯ ಮುದುಕನೂ ತೀರಿಹೋಗಿದ್ದ. ಹಗೇವನ್ನು ಸುರಕ್ಷಿತವಾಗಿ ತೆಗೆಯುವುದನ್ನು ರೈತರಿಗೇ ಕಲಿಸಬೇಕು ಎಂಬುದು ಸಂಶೋಧನೆಯ ಗುರಿ.

ನಮ್ಮೂರ ಶಂಭುಲಿಂಗಪ್ಪನವರ ಹಿತ್ತಲಿನ ಎರಡು ಹಗೇವು ಇದಕ್ಕೆ ಮೀಸಲಾದವು. ಎರಡು ವರ್ಷ ಮಲಿಕಸಾಬ ಮುಚ್ಚಿದ, ತೆಗೆದ, ಹೇಳಿದಾಗೆಲ್ಲ ಇಳಿದ. ಈರಬಸಪ್ಪನವರ ಅಳತೆಯ ಪ್ರಕಾರ, ತಪ್ಪಲು ಚೆನ್ನಾಗಿ ಆಡಿಸಿದರೆ ನಾಲ್ಕು ತಾಸಿಗೆ ಒಳಗಿನ ಗಾಳಿ ಶುದ್ಧವಾಗುತ್ತಿತ್ತು. ಶಾರದಾ ಅವರ ಟಿಪ್ಪಣಿ ಪುಸ್ತಕದಲ್ಲಿ ಬೇರೊಂದು ಮಾತಿತ್ತು. ಜೋಳ ಹಸಿ ಹಿಡಿದು ಬೂಸ್ಟು ಬಂದಿದ್ದರೆ ಅದೇ ಉಸಿರಾಡುತ್ತ ಗಾಳಿಯನ್ನು ತಿರುಗಿ ಕೆಡಿಸುತ್ತದೆ, ತಳ ಕೆದರಿದಂತೆ ಕೆಟ್ಟ ಗಾಳಿ ಮೇಲೇಳುತ್ತದೆ. ನಾಲ್ಕು ತಾಸಿನ ಲೆಕ್ಕ ಒಣ ಜೋಳಕ್ಕೆ ಮಾತ್ರ. ಇಬ್ಬರು ಹೇಳಿದ್ದೂ ಸರಿ. ಆದರೆ ಒಬ್ಬರದು ಒಂದು ಪುಸ್ತಕದಲ್ಲಿ, ಇನ್ನೊಬ್ಬರದು ಇನ್ನೊಂದು ಪುಸ್ತಕದಲ್ಲಿ ಉಳಿಯಿತು. ಮಲಿಕಸಾಬ ಮತ್ತೆ ಮತ್ತೆ ಕಂದೀಲು ಬಿಡುತ್ತಿದ್ದದ್ದು ಯಾಕೆಂದು ಎರಡು ಪುಸ್ತಕ ಕೂಡಿಸಿ ಓದಿದವರಿಗೆ ತಿಳಿಯುತ್ತಿತ್ತು. ಕೂಡಿಸಿ ಓದಿದವರು ಯಾರೂ ಇರಲಿಲ್ಲ.

ಎಪ್ಪತ್ತಾರರ ಏಪ್ರಿಲಿನಲ್ಲಿ ಮಜೀದ ಟ್ರಂಕಿನಷ್ಟು ದೊಡ್ಡ ಟೇಪ್‌ರೆಕಾರ್ಡರ್ ತಂದು ಶಂಭುಲಿಂಗಪ್ಪನವರ ಬೇವಿನ ಗಿಡದ ನೆರಳಲ್ಲಿ ಇಟ್ಟ. ಮಲಿಕಸಾಬ ಅದರ ಮುಂದೆ ಒಂಬತ್ತು ನಿಮಿಷ ಮಾತಾಡಿದ. ತಪ್ಪಲು, ಕಂದೀಲು, ಹಸಿ ಜೋಳದ ಕಮಟು ವಾಸನೆ, ಯಾವುದನ್ನೂ ಬಿಡಲಿಲ್ಲ. ಈರಬಸಪ್ಪನವರು ಹೇಳಿಕೊಟ್ಟ ನಾಲ್ಕು ತಾಸಿನ ಲೆಕ್ಕವನ್ನೂ ಸೇರಿಸಿದ. ನಡುವೆ ಎರಡು ಸಲ ಕೆಮ್ಮಿ, ಕೆಮ್ಮಿದ್ದು ತೆಗೆದುಹಾಕು ಎಂದು ಡಬ್ಬಿಗೇ ಹೇಳಿದ.

ಮಜೀದನ ಪ್ರಯೋಗ ಇದ್ದದ್ದು ಇದರ ಮುಂದೆ. ಜನರ ನೆನಪಿನಲ್ಲಿ ಉಳಿಯುವುದು ಉದ್ದ ಮಾತೋ ಸಣ್ಣ ಮಾತೋ ಎಂದು ಅವನು ನೋಡಬೇಕಿತ್ತು. ನವಲಗುಂದದ ಕಡೆಯ ನಾಲ್ಕು ಹಳ್ಳಿಗೆ ಒಂಬತ್ತು ನಿಮಿಷದ ಟೇಪು, ಗುಡಗೇರಿ ಸುತ್ತಿನ ನಾಲ್ಕು ಹಳ್ಳಿಗೆ ಎರಡೇ ನಿಮಿಷದ್ದು. ಎರಡು ತಿಂಗಳು ಬಿಟ್ಟು ಮನೆ ಮನೆಗೆ ಹೋಗಿ ಕೇಳುವುದು. ಒಂಬತ್ತನ್ನು ಎರಡಕ್ಕೆ ಇಳಿಸಲು ಅವನು ನನ್ನ ಮನೆಗೆ ಬಂದ. ಭಾಷೆ ಬಲ್ಲವರು, ವಿಜ್ಞಾನ ಬಲ್ಲವರು ಎಂದು ನನ್ನನ್ನು ಅಟ್ಟಕ್ಕೆ ಏರಿಸಿದ. ನಾನು ಏರಿದೆ.

ಒಂದೊಂದೇ ಮಾತು ತೆಗೆಯುತ್ತ ಬಂದೆವು. ಕಂದೀಲಿನ ಮಾತು ಬಂದಾಗ ಇದನ್ನು ಬಿಡಬಹುದೇ ಎಂದು ಮಜೀದ ಕೇಳಿದ.

"ಕಂದೀಲ ಬಿಡದ ಯಾರರ ಹಗೇವಿನ್ಯಾಗ ಇಳೀತಾರೇನ್ರಿ?" ಅಂದೆ ನಾನು. "ಎಲ್ಲಾರಿಗೂ ಗೊತ್ತಿದ್ದದ್ದನ್ನ ಹೇಳಿದರ ಜನ ನಗತಾರ. ತಗೀರಿ ಅದನ್ನ."

ಎಲ್ಲರಿಗೂ ಗೊತ್ತಿದೆ ಎಂದು ನನಗೆ ಹೇಗೆ ಗೊತ್ತಿತ್ತು? ಹುಟ್ಟಿದಾಗಿನಿಂದ ನಾನು ನೋಡಿದ್ದೆಲ್ಲ ಮಲಿಕಸಾಬ ತೆಗೆದ ಹಗೇವುಗಳನ್ನೇ. ಬೇರೆ ಊರಿನಲ್ಲಿ ಜನ ಏನು ಬಲ್ಲರು, ಏನು ಅರಿಯರು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಹಸಿ ಜೋಳದ ಮಾತು ಕಂದೀಲಿನ ಬೆನ್ನಿಗೇ ಇತ್ತು, ಅದೂ ಹೋಯಿತು. ಈ ಸಾಲುಗಳನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ. ಮೂರು ಮಂದಿ ಓದಿದವರ ನಡುವೆ ನಾಲ್ಕನೆಯ ಓದಿದವ ನಾನು.

ಮೇ ತಿಂಗಳಲ್ಲಿ ಧ್ವನಿವರ್ಧಕದ ಕರ್ಣೆ ಕಟ್ಟಿದ ಜೀಪು ಗುಡಗೇರಿ ಸುತ್ತ ತಿರುಗಿತು. "ನಾನು ಶಲವಡಿ ಮಲಿಕಸಾಬ ಮಾತಾಡಾಕತ್ತೇನಿ" ಎಂದು ಶುರುವಾಗಿ, ಹಗೇವಿನ ಬಾಯಿ ತೆಗೆದು, ಬೇವಿನ ತಪ್ಪಲಿನಿಂದ ಗಾಳಿ ಆಡಿಸಿ, ನಾಲ್ಕು ತಾಸು ಬಿಟ್ಟು ಇಳಿಯಿರಿ ಎಂದು ಮುಗಿಯುತ್ತಿತ್ತು. ಕೇಳಲು ಬಲು ಚೆಂದ ಇತ್ತು. ಕೆಮ್ಮು ಇರಲಿಲ್ಲ.

ಜೂನ್ ಮೊದಲಲ್ಲಿ, ಮಿರಗದ ಮಳೆ ಹಿಡಿದ ವಾರ, ಮೌಲಾಬಿಯ ತಮ್ಮ ಹಜರತಅಲಿ ಅಕ್ಕನನ್ನು ನೋಡಲು ಬಂದ. ಗುಡಗೇರಿ ಸಂತೆಯಲ್ಲಿ ಹಗ್ಗ ಮಾರುವವನು. ಮಾವ, ನಿನ್ನ ಕಸುಬಿಗೆ ನೀನೇ ಕಲ್ಲು ಹಾಕಿಕೊಂಡೆ, ಇನ್ನು ನಿನ್ನನ್ನು ಯಾರು ಕರೆಯುತ್ತಾರೆ ಎಂದು ಚೇಷ್ಟೆ ಮಾಡುತ್ತ, ಟೇಪಿನ ಮಾತನ್ನು ಮಲಿಕಸಾಬನ ದನಿಯಲ್ಲೇ ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದ. ಅದು ಮುಗಿದರೂ ಮಲಿಕಸಾಬ ಕಾಯುತ್ತಿದ್ದ.

"ಮತ್ತ ಕಂದೀಲು?"

"ಕಂದೀಲಿನ ಮಾತ ಇಲ್ಲ ಅದರಾಗ."

ಮಲಿಕಸಾಬ ಊಟದಿಂದ ಎದ್ದು ನೆಟ್ಟಗೆ ನನ್ನ ಮನೆಗೆ ಬಂದ. ನಾನು ಸುಳ್ಳು ಹೇಳಬಹುದಿತ್ತು, ಮಜೀದನ ಮೇಲೆ ಹಾಕಬಹುದಿತ್ತು. ಅಷ್ಟು ಮಾತ್ರ ಮಾಡಲಿಲ್ಲ. ತೆಗೆಯಲು ಹೇಳಿದವನು ನಾನೇ ಎಂದೆ. ಅವನು ಕಟ್ಟೆಯ ಮೇಲೆ ಕುಳಿತ. ಬೈದರೆ ಚಲೋ ಇತ್ತು.

"ನೀವು ಹಗೇವಿನ್ಯಾಗ ಇಳದಾವ್ರಲ್ಲ ಮಾಸ್ತರ, ನಿಮಗೇನ ಗೊತ್ತಾಗತದ" ಎಂದ. "ನನ್ನ ಮಾತು ಎಲ್ಲಿ ಹೊಂಟೈತಿ, ಎಷ್ಟ ಹೊಂಟೈತಿ ಅಂತ ನಾ ಕೇಳಬೇಕಾಗಿತ್ತು. ಕೇಳಲಿಲ್ಲ."

ಮಜೀದ ಅಣ್ಣಿಗೇರಿಯಲ್ಲಿ ಕೋಣೆ ಹಿಡಿದಿದ್ದ. ಮರುದಿನ ಇಬ್ಬರೂ ಹೋದೆವು. ಶಾರದಾ ಅವರೂ ಅಲ್ಲೇ ಸಿಕ್ಕರು. ವಿಷಯ ಕೇಳಿದ ಕೂಡಲೇ ಅವರು ತಮ್ಮ ಪುಸ್ತಕ ತೆಗೆದರು. ಗುಡಗೇರಿ ಕಡೆಯಿಂದ ತಂದ ಜೋಳದಲ್ಲಿ ಮೂರರಲ್ಲಿ ಎರಡು ಪಾಲು ಹಸಿ ಹಿಡಿದಿತ್ತು. ಹಿಂದಿನ ವರ್ಷದ ಹಿಂಗಾರಿ ಮಳೆಗೆ ಹಗೇವುಗಳಲ್ಲಿ ನೀರು ಇಳಿದಿತ್ತು. ಜೋಳ ಕಡಿಮೆಯಾಗಿ ಹಗೇವು ತೆಗೆಯುವ ಹಂಗಾಮು ಇದೇ, ಮಿರಗದಿಂದ ಮುಂದೆ. ಬಿಟ್ಟ ಮಾತನ್ನು ಆ ಹಳ್ಳಿಗಳಿಗೆ ಮುಟ್ಟಿಸಲೇ ಎಂದು ಕೇಳಿ ಮಜೀದ ಅಂದೇ ತನ್ನ ಗೈಡಿಗೆ ಪತ್ರ ಬರೆದ.

ಉತ್ತರ ಐದು ದಿನಕ್ಕೆ ಬಂತು. ಜುಲೈನಲ್ಲಿ ಮನೆ ಮನೆ ವಿಚಾರಣೆ ಮುಗಿಯುವವರೆಗೆ ಆ ನಾಲ್ಕು ಹಳ್ಳಿಗಳಿಗೆ ಬೇರೆ ಯಾವ ಸೂಚನೆಯೂ ಹೋಗಬಾರದು, ಹೋದರೆ ಪ್ರಯೋಗ ಕೆಟ್ಟಂತೆ, ಎರಡು ವರ್ಷದ ದುಡಿಮೆ ನೀರಿಗೆ ಹಾಕಿದಂತೆ. ಆ ಪ್ರೊಫೆಸರು ಹಗೇವನ್ನು ನೋಡಿದವರೇ ಅಲ್ಲ. ಮಜೀದ ಕಾಗದವನ್ನು ನಮಗೆ ಓದಿ ಹೇಳಿ, ಮಡಚಿ ಕಿಸೆಯಲ್ಲಿ ಇಟ್ಟುಕೊಂಡ.

"ಚಾಚಾ, ನನ್ನ ಕೈ ಕಟ್ಟ್ಯಾರ. ನಿಮ್ಮ ಕಾಲು ಯಾರೂ ಕಟ್ಟಿಲ್ಲ. ನೀವು ಹೋಗ್ರಿ."

ಮಲಿಕಸಾಬ ಹೋದ. ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಒಂದು ರೈಲು, ಅಲ್ಲಿಂದ ಗುಡಗೇರಿಗೆ ಇನ್ನೊಂದು. ಮೊದಲ ಸಂತೆಗೆ ನಾನೂ ಜೊತೆಗಿದ್ದೆ. ಹಜರತಅಲಿಯ ಹಗ್ಗದ ಅಂಗಡಿಯ ಬಾಜು ನಿಂತು, ಹಾಡಹಗಲಲ್ಲಿ ಕಂದೀಲು ಹೊತ್ತಿಸಿ ಕೈಯಲ್ಲಿ ಹಿಡಿದು, ನಾನೇ ಮಲಿಕಸಾಬ, ಟೇಪಿನಲ್ಲಿ ಅರ್ಧ ಮಾತು ಬಿಟ್ಟುಹೋಗಿದೆ, ದೀಪ ಬಿಟ್ಟು ನೋಡದೆ ಇಳಿಯಬೇಡಿ ಎಂದು ಬಂದವರಿಗೆಲ್ಲ ಹೇಳಿದ. ಜನ ಸೇರಿದರು. ದನಿ ಗುರುತು ಹಿಡಿದು ಖುಷಿಪಟ್ಟರು. ಜೀಪಿನಲ್ಲಿ ಇದಕ್ಕಿಂತ ಚೆಂದ ಹೇಳಿದ್ದೆ ಎಂದು ಒಬ್ಬ ಅಂದ. ಕೂಲಿ ತಪ್ಪುತ್ತದೆಂದು ಮುದುಕ ಮಾತು ತಿರುಗಿಸುತ್ತಿದ್ದಾನೆ ಎಂದು ಇನ್ನೊಬ್ಬ ಅಂದ. ಆ ಮಾತು ಸಂತೆಯ ತುಂಬ ಹಬ್ಬಿತು. ಹಾಗಾದರೆ ಕೂಲಿ ಇಲ್ಲದೆ ಬಂದು ತೆಗೆಯುತ್ತೇನೆ ಎಂದು ಮಲಿಕಸಾಬ ಹೇಳಿದ. ಪುಕ್ಕಟೆ ಬರುವವನನ್ನು ಹೇಗೆ ನಂಬುವುದು ಎಂದು ಆಗ ಕೆಲವರು ಅಂದರು. ಜನರ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಲು ಬರುವುದಿಲ್ಲ.

ಆದರೂ ಕೆಲವರು ಕರೆದರು. ಜೂನ್ ಮುಗಿಯುವುದರೊಳಗೆ ಮಲಿಕಸಾಬ ಆ ಹಳ್ಳಿಗಳಲ್ಲಿ ಏಳು ಹಗೇವು ತೆಗೆದ, ಒಂದು ಸೇರು ಜೋಳವನ್ನೂ ಮುಟ್ಟಲಿಲ್ಲ. ಏಳರಲ್ಲಿ ಎರಡರಲ್ಲಿ ಮೂರು ಹೊತ್ತು ಕಳೆದರೂ ದೀಪ ನಿಲ್ಲಲಿಲ್ಲ. ಮನೆಯವರು ಅದನ್ನು ಕಣ್ಣಾರೆ ಕಂಡು ಗಾಬರಿಯಾದರು. ಮನೆ ಬಿಟ್ಟು ಹದಿನೈದು ದಿನ ಅಲೆದು ಅವನ ಕಾಲು ಬಾತುಕೊಂಡಿದ್ದವು. ನಡುವೆ ಒಮ್ಮೆ ಊರಿಗೆ ಬಂದಾಗ, ಸಾಕು, ಹೇಳುವಷ್ಟು ಹೇಳಿದ್ದೀಯ ಎಂದು ನಾನು ಅಂದರೆ, ನನ್ನ ದನಿ ಎಷ್ಟು ಮನೆಗೆ ಹೋಗಿದೆಯೋ ಅಷ್ಟು ಮನೆಗೆ ನಾನು ಹೋಗಬೇಕು ಅನ್ನುತ್ತಿದ್ದ.

ಗುಡಗೇರಿಯಿಂದ ಎರಡು ಮೈಲು ಆಚೆ ತಿರಕಪ್ಪ ಎಂಬ ರೈತನ ಮನೆ. ಮೂವತ್ತೆಂಟರ ವಯಸ್ಸು, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಮಲಿಕಸಾಬ ಆ ಮನೆಗೂ ಹೋದ. ತಿರಕಪ್ಪ ನಗಲಿಲ್ಲ. ಕೂಡ್ರಿಸಿ, ಮಜ್ಜಿಗೆ ಕೊಟ್ಟು, ಎಲ್ಲವನ್ನೂ ಕೇಳಿದ. ತೆಗೆಯುವ ದಿನ ಹೇಳಿ ಕಳಿಸಿ, ಬರುತ್ತೇನೆ ಎಂದು ಮಲಿಕಸಾಬ ಹೇಳಿದ್ದಕ್ಕೆ ಆಗಲಿ ಅಂದ. ಆ ದಿನ ಊರಿಗೆ ಮರಳಿದ ಮಲಿಕಸಾಬ, ಅಷ್ಟು ಶಾಂತವಾಗಿ ಕೇಳಿದವನು ಇವನೊಬ್ಬನೇ ಎಂದು ನನ್ನ ಮುಂದೆ ಸಮಾಧಾನಪಟ್ಟುಕೊಂಡ.

ತಿರಕಪ್ಪ ಹೇಳಿ ಕಳಿಸಲಿಲ್ಲ. ಶಲವಡಿಯಿಂದ ಮುದುಕನನ್ನು ಎರಡು ರೈಲು ಹತ್ತಿಸಿ ಪುಕ್ಕಟೆ ದುಡಿಸುವುದು ಅವನ ಮನಸ್ಸಿಗೆ ಬರಲಿಲ್ಲ ಎಂದು ಆಮೇಲೆ ತಿಳಿಯಿತು. ಮುಂದಿನ ಸೋಮವಾರ ಹೊತ್ತು ಮೂಡುವಾಗ ಕಲ್ಲು ಸರಿಸಿದ. ಬೇವಿನ ತಪ್ಪಲು ಆಡಿಸಿದ. ಮಧ್ಯಾಹ್ನ ಇಳಿದ. ಎರಡು ಬುಟ್ಟಿ ಜೋಳ ಮೇಲೆ ಬಂತು. ಮೂರನೆಯ ಬುಟ್ಟಿಗೆ ಹಗ್ಗ ಎಳೆದವರಿಗೆ ಬರಿ ಬುಟ್ಟಿ ಬಂತು, ಕೂಗಿದರೆ ಉತ್ತರ ಬರಲಿಲ್ಲ. ಇಳಿಯಲು ಹೋದ ಅವನ ತಮ್ಮನನ್ನು ತಿರಕಪ್ಪನ ಹೆಂಡತಿ ಗೌರಕ್ಕ ಎರಡೂ ತೋಳಿನಿಂದ ತೆಕ್ಕೆ ಬಿದ್ದು ಹಿಡಿದಳು. ಹಿಡಿಯದಿದ್ದರೆ ಎರಡು ಹೆಣ ಬೀಳುತ್ತಿದ್ದವು. ಕೊಕ್ಕೆ ಹಾಕಿ ತಿರಕಪ್ಪನನ್ನು ಮೇಲೆ ತೆಗೆಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಸುದ್ದಿ ನಮಗೆ ತಲುಪಿದ್ದು ನಾಲ್ಕನೆಯ ದಿನ. ಹಜರತಅಲಿ ಹೇಳುತ್ತಿದ್ದರೆ ಮಲಿಕಸಾಬ ಒಂದೇ ಪ್ರಶ್ನೆ ಕೇಳಿದ, ಎಷ್ಟು ತಾಸು ಬಿಟ್ಟಿದ್ದ ಎಂದು. ಹಜರತಅಲಿಗೆ ಗೊತ್ತಿರಲಿಲ್ಲ.

ಜುಲೈ ಬಂತು. ಮಜೀದ ಅಚ್ಚು ಹಾಕಿಸಿದ ಫಾರ್ಮುಗಳ ಕಟ್ಟು ತಂದ. ಅದರಲ್ಲಿ ನಾಲ್ಕು ಪ್ರಶ್ನೆ. ಮಾತು ಕೇಳಿದಿರಾ, ನೆನಪಿದೆಯಾ, ಅದರಂತೆ ನಡೆದಿರಾ, ಯಾರ ಮಾತೆಂದು ನಡೆದಿರಿ. ಗುಡಗೇರಿ ಸುತ್ತಿನ ಹಳ್ಳಿಗಳಲ್ಲಿ ಉತ್ತರ ಚೆನ್ನಾಗಿಯೇ ಬಂದವು. ಒಂಬತ್ತು ನಿಮಿಷ ಕೇಳಿದವರಿಗಿಂತ ಎರಡು ನಿಮಿಷ ಕೇಳಿದವರಿಗೆ ಎರಡು ಪಟ್ಟು ನೆನಪಿತ್ತು. ತನ್ನ ಊಹೆ ನಿಜವಾದದ್ದನ್ನು ಮಜೀದ ತಲೆ ತಗ್ಗಿಸಿಕೊಂಡು ಬರೆದುಕೊಂಡ. ತಿರಕಪ್ಪನ ಮನೆ ಪಟ್ಟಿಯಲ್ಲಿತ್ತು. ಆ ಮನೆ ಬಿಟ್ಟುಬಿಡುತ್ತೇನೆ ಎಂದ. ಪ್ರಶ್ನೆ ಬಿಡು, ಮನುಷ್ಯರಾಗಿ ಹೋಗಿ ಬರಬೇಕಲ್ಲ ಎಂದು ಮಲಿಕಸಾಬ ಹೊರಟ. ನಾವಿಬ್ಬರೂ ಅವನ ಹಿಂದೆ ನಡೆದೆವು.

ಗೌರಕ್ಕ ಹೊಸ್ತಿಲ ಒಳಗೆ ಕುಳಿತಿದ್ದಳು. ನಾವು ಪಡಸಾಲೆಯಲ್ಲಿ ಕುಳಿತೆವು. ಮಜೀದನ ಕೈಚೀಲದಿಂದ ಫಾರ್ಮುಗಳು ಇಣುಕುತ್ತಿದ್ದವು. ಅವಳು ಅವುಗಳನ್ನೇ ನೋಡುತ್ತಿದ್ದಳು.

"ಎಲ್ಲಾರ ಮನಿಯಾಗೂ ಏನೋ ಬರಕೊಂಡ ಬಂದೀರಂತಲ್ರಿ. ನಮ್ಮನಿದೂ ಬರಕೋರಿ."

ಬೇಡ ಅಕ್ಕಾರ ಎಂದು ಮಜೀದ ಅಂದ. ಅವಳು ಬಿಡಲಿಲ್ಲ. ನಮ್ಮ ಮನೆಯನ್ನು ಯಾಕೆ ಬಿಡುತ್ತೀರಿ ಎಂದು ಕೇಳಿದಳು. ಅವನು ಒಂದು ಫಾರ್ಮು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ನೆಲ ನೋಡುತ್ತ ಮೊದಲ ಮೂರು ಪ್ರಶ್ನೆ ಕೇಳಿದ.

"ಕೇಳಿದ್ರು. ಅಗದಿ ನೆಪ್ಪ ಇಟ್ಟಿದ್ರು" ಎಂದಳು ಗೌರಕ್ಕ. "ನಾಲ್ಕು ತಾಸು ಅಂತ ಹೇಳಿದ್ರಲ್ರಿ, ಅವರು ಐದು ತಾಸು ಬಿಟ್ಟಿದ್ರು."

ಐದು ತಾಸು ಎಂದಾಗ ಮಲಿಕಸಾಬ ಕಣ್ಣು ಮುಚ್ಚಿದ. ಅವಳ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಅವಳಿಗೆ ನಿಜಕ್ಕೂ ತಿಳಿಯದ ಒಂದು ಸಂಗತಿ ಇತ್ತು, ಅದನ್ನು ಬಲ್ಲವರನ್ನು ಕೇಳುವ ಹಾಗೆ ಕೇಳಿದಳು.

"ಸಾಬರು ಇಲ್ಲೇ ಕುಂತು ಕಂದೀಲಿನ ಮಾತು ಹೇಳಿಹೋದ್ರು. ಅದನ್ನೂ ಕೇಳಿದ್ವಿ. ಆದ್ರ ಡಬ್ಬಿಯೊಳಗ ಹೇಳಿದಾವ್ರೂ ಸಾಬರ ಅಲ್ಲೇನ್ರಿ? ಇಬ್ಬರೊಳಗ ಯಾವ ಸಾಬರನ್ನ ನಂಬಬೇಕಾಗಿತ್ತರಿ ನಾವು?"

ಉತ್ತರ ಕೊಡಬೇಕಾದವನು ನಾನು. ಮಜೀದನ ಪೆನ್ನು ನಾಲ್ಕನೆಯ ಪ್ರಶ್ನೆಯ ಮುಂದೆ ನಿಂತಿತ್ತು. ಅವನು ಫಾರ್ಮು ಮಡಚಲು ಹೋದಾಗ ಮಲಿಕಸಾಬ ಅವನ ಕೈ ಹಿಡಿದ.

"ಮಡಚಬ್ಯಾಡ. ಯಾರ ಮಾತಂತ ಕೇಳೇತಲ್ಲ, ಅಲ್ಲಿ ನನ್ನ ಹೆಸರ ಬರಿ."

ಮಜೀದ ಬರೆದ.